ಬಾಗಿಲು ತೆರೆದ ಜಾತಿ ಸಂಘಟನೆ ಮನೆಯನ್ನೂ ನಡೆಸಬಲ್ಲುದೇ?

ಬೆಂಗಳೂರಿನ ಪಶ್ಚಿಮ ಭಾಗದ ಬಸವೇಶ್ವರನಗರದಲ್ಲಿ ಹಾವನೂರು ವೃತ್ತವೆಂಬ ಜಾಗವೊಂದಿದೆ. ಬಡಾವಣೆಯ ಹೆಸರು, ಹನ್ನೆರಡನೆಯ ಶತಮಾನದಲ್ಲಿ ಕುಲದ ಮೇಲುಕೀಳನ್ನು ಅಲ್ಲಗಳೆದ ಬಸವಣ್ಣನವರದು. ವೃತ್ತದ ಹೆಸರು ಕೇಳಿದೊಡನೆ ನೆನಪಾಗುವವರು, ಇಪ್ಪತ್ತನೆಯ ಶತಮಾನದಲ್ಲಿ ಕರ್ನಾಟಕದ ಕುಲಗಳನ್ನೆಲ್ಲ ಎಣಿಸಿ ಯಾರಿಗೆ ಏನು ದಕ್ಕಿಲ್ಲವೆಂದು ಲೆಕ್ಕ ಬರೆದ ಎಲ್.ಜಿ. ಹಾವನೂರು. ಒಬ್ಬರು ಜಾತಿ ಅಳಿಯಬೇಕೆಂದರು. ಇನ್ನೊಬ್ಬರು ಜಾತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನ್ಯಾಯ ಸಾಧ್ಯವಿಲ್ಲವೆಂದರು. ಜಾತಿ, ಮತ, ಭಾಷೆಗಳಂಥ ಅಸ್ಮಿತೆಯ ಆಧಾರದ ಮೇಲೆ ಜನರನ್ನು ಒಗ್ಗೂಡಿಸಿ ರಾಜಕೀಯ ಬೆಂಬಲ ಗಳಿಸುವುದು ಒಳ್ಳೆಯ ಮಾರ್ಗವೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಎರಡೂ ಮಾತುಗಳನ್ನು ಒಟ್ಟಿಗೆ ಇಟ್ಟುಕೊಂಡೇ ಹೊರಡಬೇಕು.

ಸುಶಿಕ್ಷಿತ ವಲಯದಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಜಾತಿ ರಾಜಕಾರಣವೆಂಬುದು ಪ್ರಜಾಪ್ರಭುತ್ವಕ್ಕೆ ಅಂಟಿದ ಪಿಡುಗು ಎಂಬುದು ಒಂದು. ಸಮಾಜದಲ್ಲಿ ಜಾತಿ ಇರುವ ತನಕ ರಾಜಕಾರಣದಲ್ಲೂ ಇರುತ್ತದೆ, ಅದಕ್ಕೆ ಮಾಡುವುದೇನೂ ಇಲ್ಲ ಎಂಬುದು ಇನ್ನೊಂದು. ಎರಡೂ ಉತ್ತರಗಳು ನಮ್ಮನ್ನು ಯೋಚಿಸುವ ಶ್ರಮದಿಂದ ಪಾರುಮಾಡುತ್ತವೆ. ಆದರೆ ಕರ್ನಾಟಕದ ಕಳೆದ ನೂರು ವರ್ಷಗಳ ಅನುಭವ ಇವೆರಡಕ್ಕಿಂತ ಸೂಕ್ಷ್ಮವಾದ ಪಾಠವೊಂದನ್ನು ಕಲಿಸುತ್ತದೆ.

ಹೊರಗಿದ್ದವರು ಒಳಬಂದ ಬಗೆ

ಹಳೆಯ ಮೈಸೂರು ಸಂಸ್ಥಾನದಲ್ಲಿ ಲಿಂಗಾಯತ ವಿದ್ಯಾನಿಧಿ ಸಂಸ್ಥೆ 1905ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದವು. ಕೆಲವೇ ವರ್ಷಗಳಲ್ಲಿ ಮುಸ್ಲಿಮರೂ ತಮ್ಮದೇ ಸಂಘ ಕಟ್ಟಿಕೊಂಡರು. ಇವುಗಳ ಮೊದಲ ಕೆಲಸ ಮತ ಕೇಳುವುದಾಗಿರಲಿಲ್ಲ. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಹುಡುಗನಿಗೆ ಊಟ, ವಸತಿ ಮತ್ತು ವಿದ್ಯಾರ್ಥಿವೇತನ ಒದಗಿಸುವುದಾಗಿತ್ತು. ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯ ತುಂಬಿಕೊಂಡಿದ್ದ ಕಾಲದಲ್ಲಿ ಈ ವಿದ್ಯಾರ್ಥಿನಿಲಯಗಳು ಮಾಡಿದ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು.

1917ರಲ್ಲಿ ಸ್ಥಾಪನೆಯಾದ ಪ್ರಜಾಮಿತ್ರ ಮಂಡಳಿ ಈ ಚಿಕ್ಕ ತೊರೆಗಳನ್ನು ಒಂದುಗೂಡಿಸಿತು. ಬ್ರಾಹ್ಮಣೇತರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಅಹವಾಲು ಇಟ್ಟರು. 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗದಷ್ಟು ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಅದು 1919ರಲ್ಲಿ ಶಿಫಾರಸು ಮಾಡಿತು. ಮಂಡಲ್ ವರದಿಯ ಹೆಸರು ಕೇಳುವುದಕ್ಕೆ ಆರು ದಶಕಗಳ ಮೊದಲೇ ನಮ್ಮ ನೆಲದಲ್ಲಿ ಈ ಕೆಲಸ ಆರಂಭವಾಗಿತ್ತು.

ಮುಂದೆ ನಡೆದುದು ಇನ್ನೂ ಗಮನಾರ್ಹ. ಬ್ರಾಹ್ಮಣೇತರ ಚಳವಳಿಯ ಪಕ್ಷಗಳು ಬೇರೆ ಬೇರೆ ಹೆಸರು ತಳೆದು ಕೊನೆಗೆ ಪ್ರಜಾ ಸಂಯುಕ್ತ ಪಕ್ಷವಾಗಿ, 1937ರಲ್ಲಿ ಕಾಂಗ್ರೆಸ್ಸಿನಲ್ಲಿ ವಿಲೀನಗೊಂಡವು. ಅಲ್ಲಿಯವರೆಗೆ ಬಹುಮಟ್ಟಿಗೆ ನಗರದ ವಿದ್ಯಾವಂತರ ಸಭೆಯಾಗಿದ್ದ ಮೈಸೂರು ಕಾಂಗ್ರೆಸ್ಸಿಗೆ ಹಳ್ಳಿಯ ಬೇರು ಸಿಕ್ಕಿತು. ಮರುವರ್ಷ ಮದ್ದೂರು ಬಳಿಯ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹಕ್ಕೆ ರೈತಾಪಿ ಜನ ಹರಿದು ಬಂದರು. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರು ಪ್ರಜಾಪಕ್ಷದ ಹಿನ್ನೆಲೆಯಿಂದಲೇ ಬಂದವರು. ಸಮುದಾಯದ ಹೆಸರಿನಲ್ಲಿ ಒಳಗೆ ಬಂದವರು ನಾಡಿನ ಹೆಸರಿನಲ್ಲಿ ಮಾತನಾಡಲು ಕಲಿತರು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಅಚ್ಚರಿಯಿಲ್ಲ. ಮ್ಯಾಂಕರ್ ಓಲ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1965ರಲ್ಲಿ ಪ್ರಕಟಿಸಿದ ಸಾಮೂಹಿಕ ಕ್ರಿಯೆಯ ಕುರಿತ ಗ್ರಂಥದಲ್ಲಿ, ಒಂದು ಪ್ರಯೋಜನ ಎಲ್ಲರಿಗೂ ಸಮನಾಗಿ ಸಿಗುವಂತಿದ್ದರೆ ಅದಕ್ಕಾಗಿ ದುಡಿಯಲು ಯಾರೂ ಮುಂದೆ ಬರುವುದಿಲ್ಲವೆಂಬುದನ್ನು ತೋರಿಸಿದರು. ನಾನು ದುಡಿಯದಿದ್ದರೂ ಫಲ ಸಿಗುತ್ತದಲ್ಲ ಎಂದು ಪ್ರತಿಯೊಬ್ಬನೂ ಸುಮ್ಮನಿರುತ್ತಾನೆ. ದೊಡ್ಡ ಗುಂಪನ್ನು ಕಟ್ಟುವುದು ಆದ್ದರಿಂದಲೇ ಕಷ್ಟ. ಆದರೆ ಮಠ, ಮದುವೆ, ನೆಂಟಸ್ತಿಕೆ, ಜಾತ್ರೆಗಳ ಮೂಲಕ ಮೊದಲೇ ಕಟ್ಟಿರುವ ಗುಂಪೊಂದು ಸಿದ್ಧವಾಗಿದ್ದರೆ ಆ ವೆಚ್ಚ ತಗ್ಗುತ್ತದೆ. ಕೈಯಲ್ಲಿ ಹಣವಿಲ್ಲದ, ಪತ್ರಿಕೆಯಿಲ್ಲದ, ಕಚೇರಿಯಲ್ಲಿ ಗುರುತಿನವರಿಲ್ಲದ ಜನಕ್ಕೆ ಸಂಘಟನೆಯ ಏಕೈಕ ಬಂಡವಾಳ ಅನೇಕ ವೇಳೆ ಅವರ ಸಮುದಾಯವೇ ಆಗಿರುತ್ತದೆ. ಅದನ್ನು ಬಳಸಿದರೆಂದು ಅವರನ್ನು ದೂಷಿಸುವುದು ಸಲ್ಲದು.

ಇಲ್ಲಿ ನಮ್ಮಂಥವರ ಬಗೆಗೂ ಒಂದು ಮಾತು ಹೇಳಬೇಕು. ನಮಗೆ ಜಾತಿ ರಾಜಕಾರಣ ಗೊತ್ತಿಲ್ಲ ಎನ್ನುವ ಮಧ್ಯಮ ವರ್ಗದ ಬಹುಪಾಲು ಕುಟುಂಬಗಳ ಹಿಂದೆ ಅಜ್ಜನೋ ತಂದೆಯೋ ಓದಿದ ಜಾತಿಯ ವಿದ್ಯಾರ್ಥಿನಿಲಯವೊಂದಿದೆ, ಸಾಲ ಕೊಟ್ಟ ಸಹಕಾರಿ ಸಂಘವೊಂದಿದೆ, ವಧೂವರರನ್ನು ಹುಡುಕಿಕೊಟ್ಟ ಸಮಾಜವೊಂದಿದೆ. ಮೊದಲೇ ದಡ ಸೇರಿದವರಿಗೆ ದೋಣಿಯ ಅಗತ್ಯ ಕಾಣಿಸುವುದಿಲ್ಲ.

ಅರಸು ಅವರ ಲೆಕ್ಕಾಚಾರ

ಸ್ವಾತಂತ್ರ್ಯದ ಬಳಿಕ ಅಧಿಕಾರದ ಬಾಗಿಲು ದೊಡ್ಡ ಸಮುದಾಯಗಳಿಗೆ ತೆರೆಯಿತು. ಚಿಕ್ಕವು ಹೊಸ್ತಿಲಲ್ಲೇ ನಿಂತವು. ನಾಗನಗೌಡ ಸಮಿತಿಯ ವರದಿಯ ನಂತರ ಮೈಸೂರು ಸರ್ಕಾರ 1962ರ ಜುಲೈನಲ್ಲಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಶೇ 68ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿ, ಜಾತಿಯೊಂದೇ ಹಿಂದುಳಿದಿರುವಿಕೆಯ ಅಳತೆಗೋಲಾಗಲಾರದೆಂದೂ ಮೀಸಲಾತಿ ಸಾಮಾನ್ಯವಾಗಿ ಶೇ 50ರೊಳಗೆ ಇರಬೇಕೆಂದೂ ಹೇಳಿತು. ಇಂದಿಗೂ ದೇಶದಾದ್ಯಂತ ಚರ್ಚೆಯಾಗುವ ಶೇ 50ರ ಮಿತಿಯ ಮೂಲ ನಮ್ಮ ರಾಜ್ಯದ ಆದೇಶದಲ್ಲಿದೆ.

1972ರಲ್ಲಿ ಮುಖ್ಯಮಂತ್ರಿಯಾದ ಡಿ. ದೇವರಾಜ ಅರಸು ಅದೇ ವರ್ಷ ಹಾವನೂರು ಆಯೋಗವನ್ನು ನೇಮಿಸಿದರು. 1975ರಲ್ಲಿ ವರದಿ ಬಂತು. ಅರಸು ಅವರದೇ ಸಮುದಾಯ ಸಂಖ್ಯೆಯಲ್ಲಿ ನಗಣ್ಯ. ಒಂಟಿಯಾಗಿ ಒಂದು ಕ್ಷೇತ್ರವನ್ನೂ ಗೆಲ್ಲಲಾರದ ಹತ್ತಾರು ಸಮುದಾಯಗಳನ್ನು ಅವರು ಒಂದು ಚಪ್ಪರದಡಿ ತಂದರು. ಇದನ್ನು ಜಾತಿ ಸಮೀಕರಣವೆಂದು ಕರೆದು ಕೈತೊಳೆದುಕೊಳ್ಳುವವರು ಅದರ ಅರ್ಧವನ್ನು ಮಾತ್ರ ಕಂಡಿರುತ್ತಾರೆ. ಉಳಿದರ್ಧ ಕಾರ್ಯಕ್ರಮಗಳಲ್ಲಿತ್ತು: 1974ರ ಮಾರ್ಚ್‌ನಿಂದ ಜಾರಿಗೆ ಬಂದ ಭೂಸುಧಾರಣೆ, ಋಣ ಪರಿಹಾರ, ಜೀತ ವಿಮುಕ್ತಿ.

ಕಂದಾಯ ಇಲಾಖೆಯ ಕಡತಗಳನ್ನು ಓದಿದವರಿಗೆ ಗೊತ್ತಿರುವಂತೆ, ಭೂನ್ಯಾಯ ಮಂಡಳಿಯ ಮುಂದೆ ನಮೂನೆ 7ರ ಅರ್ಜಿ ಹಿಡಿದು ನಿಂತ ಗೇಣಿದಾರ ಸಾಬೀತು ಮಾಡಬೇಕಿದ್ದುದು ತಾನು ಆ ಜಮೀನನ್ನು ಗೇಣಿಗೆ ಉಳುತ್ತಿದ್ದೆ ಎಂಬುದನ್ನು, ತನ್ನ ಜಾತಿಯನ್ನಲ್ಲ. ಕರಾವಳಿಯಲ್ಲಿ ಬಿಲ್ಲವ ಗೇಣಿದಾರನಿಗೂ ಬಂಟ ಗೇಣಿದಾರನಿಗೂ ಒಂದೇ ಕಾಯ್ದೆ ಅನ್ವಯಿಸಿತು. ಸಂಘಟನೆ ಅಸ್ಮಿತೆಯ ಮೂಲಕ ನಡೆಯಿತು, ಫಲ ಹಕ್ಕಿನ ರೂಪದಲ್ಲಿ ಬಂತು. ಆ ಹಕ್ಕು ಅಸ್ಮಿತೆಯ ಗೆರೆಯನ್ನು ದಾಟಿ ಉಳುವವರನ್ನೆಲ್ಲ ತಲುಪಿತು. ಜಮೀನೇ ಇಲ್ಲದ ಕೃಷಿ ಕೂಲಿಗಳಿಗೆ ಅದರಿಂದ ಹೆಚ್ಚು ದಕ್ಕಲಿಲ್ಲವೆಂಬ ಕೊರತೆ ಇದ್ದೇ ಇದೆ. ಆದರೂ ಅಸ್ಮಿತೆಯ ರಾಜಕಾರಣವನ್ನು ತೂಗಲು ಇದಕ್ಕಿಂತ ಉತ್ತಮ ತಕ್ಕಡಿ ನಮ್ಮಲ್ಲಿಲ್ಲ.

ಹಕ್ಕಿನಿಂದ ಪಾಲಿಗೆ

ಆ ಬಳಿಕದ ದಶಕಗಳಲ್ಲಿ ಸಂಘಟನೆಯ ವಿಧಾನ ಉಳಿಯಿತು, ಉದ್ದೇಶ ಬದಲಾಯಿತು. ಹಕ್ಕಿನ ಜಾಗಕ್ಕೆ ಪಾಲು ಬಂತು. ಹಿಂದುಳಿದವರ ಪಟ್ಟಿಯಿಂದ ಪ್ರಬಲರನ್ನು ಕೈಬಿಡುವ ಮಾತೆತ್ತಿದ ವೆಂಕಟಸ್ವಾಮಿ ಆಯೋಗದ 1986ರ ವರದಿ ಪ್ರತಿಭಟನೆಯ ಮುಂದೆ ನಿಲ್ಲಲಿಲ್ಲ. 2015ರಲ್ಲಿ ಮನೆ ಮನೆಗೆ ತೆರಳಿ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿಯಲ್ಲಿ. ಸಚಿವ ಸಂಪುಟದ ಮುಂದೆ ಬಂದದ್ದು 2025ರಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೊಸ ಸಮೀಕ್ಷೆಯೇ ಶುರುವಾಯಿತು. ತಮ್ಮ ಸಂಖ್ಯೆ ತಾವು ಹೇಳಿಕೊಂಡಷ್ಟಿಲ್ಲವೆಂದು ಕಂಡುಬಂದೀತೆಂಬ ಆತಂಕ ದೊಡ್ಡ ಸಮುದಾಯಗಳ ಮುಖಂಡರನ್ನು ಪಕ್ಷಭೇದವಿಲ್ಲದೆ ಕಾಡಿತು. ಹತ್ತು ವರ್ಷ ಒಂದು ಲೆಕ್ಕವನ್ನು ಕಪಾಟಿನಲ್ಲಿಡುವ ಶಕ್ತಿ ಯಾರಿಗಿರುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು.

ಇನ್ನು ಸಮುದಾಯಕ್ಕೊಂದರಂತೆ ಹುಟ್ಟಿದ ಅಭಿವೃದ್ಧಿ ಮಂಡಳಿ, ನಿಗಮಗಳು. ಬ್ರಾಹ್ಮಣ, ಮರಾಠ, ವೀರಶೈವ ಲಿಂಗಾಯತ, ಒಕ್ಕಲಿಗ ಎಂದು ಪಟ್ಟಿ ಬೆಳೆಯಿತು. 2021–22ರ ಬಜೆಟ್‌ನಲ್ಲಿ ವೀರಶೈವ ಲಿಂಗಾಯತ ಮತ್ತು ಒಕ್ಕಲಿಗ ನಿಗಮಗಳಿಗೆ ತಲಾ 500 ಕೋಟಿ ರೂಪಾಯಿ ಘೋಷಣೆಯಾಯಿತು. ಲೆಕ್ಕದ ಅನುಕೂಲಕ್ಕಾಗಿ ಒಂದು ಸಮುದಾಯದಲ್ಲಿ 50 ಲಕ್ಷ ಜನರಿದ್ದಾರೆಂದು ಇಟ್ಟುಕೊಳ್ಳಿ: ಆ ಪೂರ್ತಿ ಮೊತ್ತವನ್ನು ಹಂಚಿದರೂ ತಲೆಗೆ ಒಂದು ಸಾವಿರ ರೂಪಾಯಿ, ಅದೂ ಒಮ್ಮೆ. ಇದರಿಂದ ಯಾವ ಬಡ ರೈತನ ಬದುಕೂ ಹಸನಾಗದು. ಆದರೆ ಅದೇ ಹಣ ಕೆಲವು ಸಾವಿರ ಕುಟುಂಬಗಳಿಗೆ ಸಾಲವಾಗಿ, ಸಹಾಯಧನವಾಗಿ ಹೋದರೆ, ಫಲಾನುಭವಿ ಯಾರೆಂದು ತೀರ್ಮಾನಿಸುವ ಕುರ್ಚಿಗೆ ಬೆಲೆ ಬರುತ್ತದೆ. ನಿಗಮದಿಂದ ಸಮುದಾಯಕ್ಕೆ ದೊರೆಯುವುದು ಗೌರವದ ಭಾವನೆ. ಕುರ್ಚಿ ದೊರೆಯುವುದು ಮುಖಂಡನಿಗೆ.

‘ವೋಟ್ ಬ್ಯಾಂಕ್’ ಎಂಬ ಪದದ ಹುಟ್ಟನ್ನು ಇಲ್ಲಿ ನೆನೆಯುವುದು ಉಚಿತ. ಅದನ್ನು ಬಳಕೆಗೆ ತಂದವರು ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ಮೈಸೂರು ಸೀಮೆಯ ಹಳ್ಳಿಯೊಂದರ ಕುರಿತು 1955ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ. ಅವರು ಹೇಳಿದ್ದು ಒಂದು ಜಾತಿಯ ಒಟ್ಟು ಮತಗಳನ್ನಲ್ಲ. ಊರಿನ ಯಜಮಾನನೊಬ್ಬ ತನ್ನ ಆಶ್ರಿತರಿಂದ ಹಾಕಿಸಬಲ್ಲ ಮತಗಳನ್ನು. ಆ ಮತಗಳ ಖಾತೆ ಇದ್ದದ್ದು ಯಜಮಾನನ ಹೆಸರಿನಲ್ಲಿ. ಇಂದು ಸಮುದಾಯದ ಹೆಸರಿನಲ್ಲಿ ಟಿಕೆಟ್, ನಿಗಮ, ಮಂತ್ರಿಗಿರಿ ಕೇಳುವ ಅನೇಕ ಮುಖಂಡರನ್ನು ನೋಡಿದರೆ ಹಳೆಯ ಅರ್ಥವೇ ಹೆಚ್ಚು ನಿಖರವೆನಿಸುತ್ತದೆ.

ಈ ಮುಖಂಡರು ವಾಗ್ದಾನ ಮಾಡಿದಷ್ಟು ಮತ ಅವರ ಖಾತೆಯಲ್ಲಿ ನಿಜವಾಗಿಯೂ ಇದೆಯೇ? 2018ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸರ್ಕಾರ ಲಿಂಗಾಯತ ಧರ್ಮಕ್ಕೆ ಪ್ರತ್ಯೇಕ ಮಾನ್ಯತೆ ನೀಡುವಂತೆ ಕೇಂದ್ರಕ್ಕೆ ಶಿಫಾರಸು ಮಾಡಿತು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ, 2013ರಲ್ಲಿ 122 ಸ್ಥಾನ ಗೆದ್ದಿದ್ದ ಪಕ್ಷ 80ರ ಆಸುಪಾಸಿಗೆ ಇಳಿಯಿತು. 2023ರ ಮಾರ್ಚ್‌ನಲ್ಲಿ ಬಿಜೆಪಿ ಸರ್ಕಾರ ಮುಸ್ಲಿಮರ ಶೇ 4ರ ಮೀಸಲಾತಿಯನ್ನು ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ಶೇ 2ರಂತೆ ಹಂಚಲು ತೀರ್ಮಾನಿಸಿತು. ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾದ ಆ ತೀರ್ಮಾನ ಜಾರಿಗೆ ಬರಲಿಲ್ಲ. ಮೇ ತಿಂಗಳ ಚುನಾವಣೆಯಲ್ಲಿ ಪಕ್ಷ 66 ಸ್ಥಾನಕ್ಕೆ ಕುಸಿಯಿತು. ಚುನಾವಣೆಯ ಸೋಲು ಗೆಲುವಿಗೆ ನೂರು ಕಾರಣಗಳಿರುತ್ತವೆ, ನಿಜ. ಆದರೆ ಎರಡು ಪಕ್ಷಗಳು, ಎರಡು ದಿಕ್ಕಿನಿಂದ, ಐದು ವರ್ಷಗಳ ಅಂತರದಲ್ಲಿ ಮಾಡಿದ ಪ್ರಯೋಗಗಳೆರಡೂ ನಿರೀಕ್ಷಿತ ಫಲ ನೀಡಲಿಲ್ಲ. ತನ್ನ ಸಮುದಾಯದ ಬಗೆಗೆ ಅಭಿಮಾನವಿರುವ ಮತದಾರನೂ ಬೆಲೆಯೇರಿಕೆ, ಬೆಳೆಹಾನಿ, ಮಗನ ಕೆಲಸ ಇವನ್ನೆಲ್ಲ ತೂಗಿಯೇ ಗುಂಡಿ ಒತ್ತುತ್ತಾನೆ.

ಸಂಖ್ಯೆ ಇಲ್ಲದವರ ಪಾಡು

ಅಸ್ಮಿತೆಯ ಸಂಘಟನೆಯ ಮೇಲಿನ ಗಂಭೀರ ಆಕ್ಷೇಪ ಬೇರೆಯೇ ಇದೆ. ಅದು ಅಗತ್ಯಕ್ಕಿಂತ ಸಂಖ್ಯೆಗೆ ಓಗೊಡುತ್ತದೆ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳ ಒಳವರ್ಗೀಕರಣಕ್ಕೆ ಸಮ್ಮತಿಸಿತು. ಅದರಂತೆ ಅಧ್ಯಯನ ನಡೆಸಿದ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ, ರಾಜ್ಯದ 101 ಪರಿಶಿಷ್ಟ ಜಾತಿಗಳ ಪೈಕಿ ಅತಿ ಹಿಂದುಳಿದ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1ರಷ್ಟು ಮೀಸಲಿಡಲು 2025ರ ಆಗಸ್ಟ್‌ನಲ್ಲಿ ಸಲಹೆ ನೀಡಿತು. ಅದೇ ತಿಂಗಳು ಸಚಿವ ಸಂಪುಟ 6, 6, 5ರ ಸೂತ್ರವನ್ನು ಒಪ್ಪಿದಾಗ ಆ ಶೇ 1 ಮಾಯವಾಗಿತ್ತು. ಅಲೆಮಾರಿಗಳನ್ನು ತಮಗಿಂತ ಮುಂದಿರುವ ಸಮುದಾಯಗಳ ಜೊತೆ ಶೇ 5ರ ಗುಂಪಿಗೆ ಸೇರಿಸಲಾಗಿತ್ತು. ಅವರು ಬೀದಿಗಿಳಿದು ಪ್ರತಿಭಟಿಸಿದರು.

ಎಡಗೈ, ಬಲಗೈ ಸಮುದಾಯಗಳ ಬೇಡಿಕೆ ನ್ಯಾಯವಾದುದೇ; ದಶಕಗಳ ಹೋರಾಟ ಅವರದು. ಆದರೆ ನೆಲೆಯೇ ಇಲ್ಲದ, ಮತದಾರರ ಪಟ್ಟಿಯಲ್ಲಿ ಹೆಸರು ಉಳಿಯುವುದೇ ಕಷ್ಟವಾದ ಜನ ಯಾವ ಕ್ಷೇತ್ರದ ಫಲಿತಾಂಶವನ್ನು ಬದಲಿಸಿಯಾರು? ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವನನ್ನು ನಾಡಕಚೇರಿ ಮೊದಲು ಕೇಳುವುದು ವಿಳಾಸ. ಗುಡಾರದಲ್ಲಿ ಬದುಕುವವನಿಗೆ ಅದೇ ದೊಡ್ಡ ಪರೀಕ್ಷೆ. ಸಂಖ್ಯಾಬಲದ ಲೆಕ್ಕದಲ್ಲಿ ನಡೆಯುವ ರಾಜಕಾರಣದಲ್ಲಿ ಇಂಥವರು ಯಾವಾಗಲೂ ಶೇಷವಾಗಿ ಉಳಿಯುತ್ತಾರೆ. ಬಾಗಿಲಿನ ಹೊರಗೆ ನಿಂತವರಿಗಾಗಿ ಹುಟ್ಟಿದ ವಿಧಾನವೊಂದು ಕಟ್ಟಕಡೆಯವರ ಮಟ್ಟಿಗೆ ತಾನೇ ಬಾಗಿಲಾಗಿಬಿಡುವ ಅಪಾಯ ಇದು.

ನದಿಗೆ ಸಂಘವಿಲ್ಲ

ಎರಡನೆಯ ಆಕ್ಷೇಪ ನಗರವಾಸಿಗಳಾದ ನಮಗೆ ಹತ್ತಿರದ್ದು. ಪಶ್ಚಿಮ ಬೆಂಗಳೂರಿನ ಕೊಳಚೆಯನ್ನು ಹೊತ್ತು ವೃಷಭಾವತಿ ಕೆಂಗೇರಿಯ ಮೂಲಕ ಸಾಗಿ ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ಅದರ ದಂಡೆಯಲ್ಲಿ ಎಲ್ಲ ಜಾತಿ ಮತಗಳ ಜನರೂ ಇದ್ದಾರೆ. ಕೆರೆಯ ಕೆಳಗಿನ ರೈತರಲ್ಲೂ ಇದ್ದಾರೆ. ವಾಸನೆ ಎಲ್ಲರ ಮನೆಗೂ ಬರುತ್ತದೆ. ಆದರೆ ಯಾವುದೇ ಸಮುದಾಯದ ಬೃಹತ್ ಸಮಾವೇಶದ ನಿರ್ಣಯಗಳಲ್ಲಿ ವೃಷಭಾವತಿಯ ಹೆಸರು ಕಂಡ ನೆನಪು ನನಗಿಲ್ಲ. ಕಾಣದಿರುವುದು ಸಹಜವೂ ಹೌದು. ನದಿ ಶುದ್ಧವಾದರೆ ಅದರ ಲಾಭ ನಮ್ಮವರಿಗೆ ಮಾತ್ರ ಸಿಗುವಂತೆ ಮಾಡಲಾಗದು. ಆದ್ದರಿಂದ ನಮ್ಮವರ ಸಂಘಕ್ಕೆ ಅದರಲ್ಲಿ ಆಸಕ್ತಿ ಹುಟ್ಟದು. ರಾಜಕಾಲುವೆ, ಕಸ ವಿಲೇವಾರಿ, ಪಾದಚಾರಿ ಮಾರ್ಗ, ಸರ್ಕಾರಿ ಶಾಲೆ ಎಲ್ಲಕ್ಕೂ ಇದೇ ಮಾತು.

ಈ ಕೆಲಸಗಳಿಗಾಗಿಯೇ ಸಂವಿಧಾನದ 74ನೆಯ ತಿದ್ದುಪಡಿ ವಾರ್ಡ್ ಮಟ್ಟದ ಪ್ರಾತಿನಿಧ್ಯವನ್ನು ಕಲ್ಪಿಸಿತು. ಅದರ ಗತಿ ಏನಾಯಿತು? ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ವಾರ್ಡುಗಳನ್ನು ಪುನರ್‌ವಿಂಗಡಿಸಿದ್ದಾಯಿತು, ಹಿಂದುಳಿದ ವರ್ಗಗಳ ರಾಜಕೀಯ ಮೀಸಲಾತಿಯ ಬಗೆಗೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ವರದಿ ಕೊಟ್ಟದ್ದಾಯಿತು, 2022ರ ಮೀಸಲಾತಿ ಪಟ್ಟಿ ಹೈಕೋರ್ಟಿನ ಮೆಟ್ಟಿಲೇರಿದ್ದಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ರಚನೆಯಾಗುವ ಹೊತ್ತಿಗೆ ನಗರ ಐದು ವರ್ಷ ಚುನಾಯಿತ ಪಾಲಿಕೆಯಿಲ್ಲದೆ ಕಳೆದಿತ್ತು. ಯಾವ ವಾರ್ಡ್ ಯಾವ ವರ್ಗಕ್ಕೆ ಎಂಬ ಪ್ರಶ್ನೆ ನ್ಯಾಯಸಮ್ಮತವಾದುದೇ. ಆದರೆ ಆ ಅವಧಿಯಲ್ಲಿ ಒಂದೊಂದು ಸಮುದಾಯದ ಸದಸ್ಯರಾಗಿ ನಮಗೆ ನಿಗಮ, ಮಂಡಳಿಗಳಿದ್ದವು. ವಾರ್ಡಿನ ನಿವಾಸಿಗಳಾಗಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಯಾವ ಸಮುದಾಯವೂ ಇದನ್ನು ತನ್ನ ಅನ್ಯಾಯವೆಂದು ಪರಿಗಣಿಸಲಿಲ್ಲ, ಏಕೆಂದರೆ ಅದು ಎಲ್ಲರ ಅನ್ಯಾಯವಾಗಿತ್ತು.

ಹಾಗಾದರೆ ಜಾತಿ ಸಂಘಟನೆಗಳನ್ನು ಬಿಟ್ಟು ಕಸುಬು, ವರ್ಗಗಳ ಮೇಲೆ ಜನರನ್ನು ಕೂಡಿಸಬಹುದಲ್ಲ ಎಂದು ಕೇಳಬಹುದು. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ ಅಂಥ ದೊಡ್ಡ ಪ್ರಯತ್ನ. ಸರ್ಕಾರಗಳನ್ನು ನಡುಗಿಸಿದ ಆ ಸಂಘಟನೆಗೆ ಶಾಸನಸಭೆಯಲ್ಲಿ ದಕ್ಕಿದ್ದು ಬೆರಳೆಣಿಕೆಯ ಸ್ಥಾನ. ಚಳವಳಿಯಲ್ಲಿ ಹಸಿರು ಶಾಲು ಹೊದ್ದವರು ಮತಗಟ್ಟೆಯಲ್ಲಿ ಬೇರೆ ಬೇರೆಯಾದರು. ಅಸ್ಮಿತೆಯನ್ನು ಬದಿಗಿಟ್ಟ ಸಂಘಟನೆ ಸುಲಭವೆಂಬ ಭ್ರಮೆಯೂ ಬೇಡ.

ಮಾಡಬಹುದಾದದ್ದು

ಜಾತಿ ಸಂಘಟನೆಗಳನ್ನು ನಿಷೇಧಿಸುವ ಮಾತು ಅವ್ಯಾವಹಾರಿಕ, ಅನ್ಯಾಯವೂ ಹೌದು. ಆದರೆ ಅವುಗಳಿಂದ ಕೇಳಬೇಕಾದದ್ದನ್ನು ಕೇಳಬಹುದು. ಒಂದು, ಸಾರ್ವಜನಿಕ ಜಮೀನು, ಅನುದಾನ ಪಡೆದ ಪ್ರತಿ ಸಂಘವೂ ವರ್ಷಕ್ಕೊಮ್ಮೆ ತನ್ನ ಲೆಕ್ಕವನ್ನೂ ಫಲಾನುಭವಿಗಳ ವಿವರವನ್ನೂ ಪ್ರಕಟಿಸಲಿ. ಎರಡು, ಜಾತಿವಾರು ನಿಗಮಗಳ ಹಣ ಒಂದೇ ನಿಧಿಯಾಗಿ, ಕುಟುಂಬದ ಭೂಮಿ, ಓದು, ವಸತಿಗಳ ಕೊರತೆಯನ್ನು ಅಳೆದು ಹಂಚಿಕೆಯಾಗಲಿ. ಜಾತಿಯೂ ಆ ಕೊರತೆಗಳ ಜೊತೆ ಒಂದು ಅಂಶವಾಗಿರಲಿ. ಮೂರು, ಸಮೀಕ್ಷೆಯ ಅಂಕಿಅಂಶಗಳು ಪೂರ್ತಿಯಾಗಿ ಪ್ರಕಟವಾಗಲಿ. ಕತ್ತಲಲ್ಲಿಟ್ಟ ಲೆಕ್ಕದಿಂದ ಅನುಕೂಲವಾಗುವುದು ದೊಡ್ಡವರಿಗೆ; ಚಿಕ್ಕವರಿಗೆ ಬೆಳಕೇ ಬಲ. ನಾಲ್ಕು, ವಾರ್ಡು ವಿಂಗಡಣೆ ಮತ್ತು ಮೀಸಲಾತಿಯ ಸರದಿ ಪಾಲಿಕೆಯ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅಂತಿಮವಾಗುವಂತೆ ಕಾನೂನಿನಲ್ಲೇ ಗಡುವು ಇರಲಿ.

ಮತದಾರರಾದ ನಮ್ಮ ಪಾಲಿನ ಕೆಲಸ ಇನ್ನೂ ಸರಳ. ಸಮುದಾಯದ ಹೆಸರಿನಲ್ಲಿ ಬೆಂಬಲ ಕೇಳಿ ಬಂದವರಿಗೆ ಎರಡು ಪ್ರಶ್ನೆ ಹಾಕೋಣ. ನೀವು ತರುವುದು ನಮ್ಮವರಲ್ಲೇ ಅತಿ ಬಡವನಿಗೆ ಮೊದಲು ತಲುಪುತ್ತದೆಯೇ? ನಮ್ಮವನಲ್ಲದ ಪಕ್ಕದ ಮನೆಯವನಿಗೆ ಅದರಿಂದ ಏನು ಸಿಗುತ್ತದೆ? ಪ್ರಜಾಮಿತ್ರ ಮಂಡಳಿಯ ಕಾಲದವರು ಮೊದಲ ಪ್ರಶ್ನೆಗೆ ತಕ್ಕಮಟ್ಟಿಗೆ ಉತ್ತರಿಸಬಲ್ಲವರಾಗಿದ್ದರು. 1974ರ ಗೇಣಿದಾರರ ಕಾಯ್ದೆ ಎರಡಕ್ಕೂ ಉತ್ತರಿಸಿತು. ಇಂದಿನ ಮುಖಂಡರು ಏನು ಹೇಳುತ್ತಾರೆಂಬುದನ್ನು ಕೇಳಿಯೇ ಬೆಂಬಲದ ಮಾತು ಕೊಡುವುದು ಒಳಿತು.